ಅಪ್‌ಡೇಟ್: ಅಮ್ಮನೊಂದಿಗೆ ಸಿಂಗಪುರಕ್ಕೆ ಹೋಗಿ ಬಂದೆ

ಅಮ್ಮನನ್ನು ಸಿಂಗಪುರಕ್ಕೆ ಕರೆದೊಯ್ಯುತ್ತಿದ್ದೇನೆ, ಸಸ್ಯಾಹಾರ ಸಿಗುತ್ತದೆಯೇ, ತುಂಬಾ ನಡೆಯಬೇಕೇ ಎಂದು ಹೋದ ತಿಂಗಳು ಕೇಳಿದ್ದೆ. ನಿನ್ನೆ ಮರಳಿದೆವು.

ಊಟದ ಚಿಂತೆ ದಂಡ. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ ಮಲ್ಲಿಗೆ ಮಾರುವವರ ಆಸುಪಾಸಿನಲ್ಲೇ ಇಡ್ಲಿ, ಕಾಫಿ ಸಿಕ್ಕಿತು. ನಡಿಗೆಯ ಬಗ್ಗೆ ಮಾತ್ರ ನೀವೆಲ್ಲ ಎಚ್ಚರಿಸಿದ್ದೇ ನಿಜ: ಎಂಆರ್‌ಟಿ (ಅಲ್ಲಿನ ಮೆಟ್ರೊ ರೈಲು) ನಿಲ್ದಾಣಗಳ ಒಳಗೇ ಕಾಲು ಸೋತವು.

ಮರೀನಾ ಬೇಯಲ್ಲಿ ಮೂರು ಗೋಪುರಗಳ ನೆತ್ತಿಯ ಮೇಲೆ ಕುಳಿತ ಹಡಗಿನಂಥ ಕಟ್ಟಡ ಕಂಡು ನಾನು ಬೆರಗಾಗಿ ನಿಂತರೆ, ಅಮ್ಮ "ಅಷ್ಟೆತ್ತರಕ್ಕೆ ನೀರು ಹೇಗೆ ಏರಿಸುತ್ತಾರೋ!" ಎಂದರು. ಗಾರ್ಡನ್ಸ್ ಬೈ ದ ಬೇಯಲ್ಲಿ 50 ಮೀಟರ್‌ವರೆಗೆ ಎದ್ದು ನಿಂತ ಕೃತಕ ಮರಗಳು ರಾತ್ರಿ 7.45ಕ್ಕೆ ಸಂಗೀತಕ್ಕೆ ತಕ್ಕಂತೆ ಮಿನುಗಿದಾಗ, ಎಪ್ಪತ್ತರ ಅಮ್ಮ ಸಂಕೋಚ ಬಿಟ್ಟು ನೆಲದ ಮೇಲೆ ಅಂಗಾತ ಮಲಗಿ ನೋಡಿದರು.

ಸೆಕೆ ಥೇಟ್ ಮಂಗಳೂರಿನದೇ. ಕೊಡೆ ಒಯ್ಯಿರಿ ಎಂದವರ ಮಾತು ಕೇಳದೆ ಎರಡು ಬಾರಿ ನೆನೆದೆವು.