ಅಪೆಂಡಿಕ್ಸ್ ತೆಗೆಸಿದರೆ ನಿಜವಾಗ್ಲೂ ಏನೂ ಆಗಲ್ವಾ?

ಪ್ರಶ್ನೆ (ದಾವಣಗೆರೆಯಿಂದ):
ಅಕ್ಕನ ಮಗನಿಗೆ ಹೋದ ವಾರ ಅಪೆಂಡಿಕ್ಸ್ ಆಪರೇಷನ್ ಆಯಿತು. ಹುಡುಗ ಆರಾಮಾಗಿದ್ದಾನೆ. ನಮ್ಮಮ್ಮ ಮಾತ್ರ ತಪ್ಪನ್ನೆಲ್ಲ ಮಂಡಕ್ಕಿ-ಮಿರ್ಚಿ ಮೇಲೆ ಹಾಕಿ ಕೂತಿದ್ದಾರೆ. ಡಾಕ್ಟರು "ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಬಿಡ್ರಿ" ಅಂದರು. ಹಾಗಾದರೆ ಅದು ಹೊಟ್ಟೆಯಲ್ಲಿ ಯಾಕಿದೆ? ಬಾಲದ ಮೂಳೆ, ಟಾನ್ಸಿಲ್ ಇವೂ ಸುಮ್ನೆ ಇರೋವಾ?

ಉತ್ತರ 1:
ಮೊದಲು ಮಿರ್ಚಿಯನ್ನು ಬಿಟ್ಟುಬಿಡಿ ಸರ್, ಪಾಪ. ಅಪೆಂಡಿಕ್ಸ್ ಅಂದರೆ ದೊಡ್ಡ ಕರುಳಿಗೆ ಅಂಟಿಕೊಂಡ, ಒಂದು ಕಡೆ ಮುಚ್ಚಿದ ಸಣ್ಣ ಕೊಳವೆ. ಸಾಮಾನ್ಯವಾಗಿ ಗಟ್ಟಿಯಾದ ಮಲ ಅದರ ಬಾಯಿಗೆ ಸಿಕ್ಕಿಕೊಂಡೋ, ಒಳಗೋಡೆ ಊದಿಕೊಂಡೋ ದಾರಿ ಕಟ್ಟಿ, ಕೀವಾಗುತ್ತದೆ. ಡಾರ್ವಿನ್ 1871ರಲ್ಲಿ ಇದನ್ನು ಹಳೇ ಕಾಲದ ಉಳಿಕೆ ಅಂತ ಬರೆದ. ಆದರೆ ಅದರ ಗೋಡೆಯಲ್ಲಿ ರೋಗದ ವಿರುದ್ಧ ಹೋರಾಡುವ ಕಣಗಳು ತುಂಬಿವೆ. 2007ರಲ್ಲಿ ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯವರು ಇನ್ನೊಂದು ಮಾತು ಮುಂದಿಟ್ಟರು: ಜೋರು ಭೇದಿಯಾಗಿ ಕರುಳು ತೊಳೆದುಹೋದಾಗ, ಅಪೆಂಡಿಕ್ಸ್‌ನಲ್ಲಿ ಅಡಗಿದ್ದ ಒಳ್ಳೇ ಬ್ಯಾಕ್ಟೀರಿಯಾ ಹೊರಬಂದು ಮತ್ತೆ ಬೆಳೆಯುತ್ತವಂತೆ. ಬಿತ್ತನೆಗೆ ಎತ್ತಿಟ್ಟ ಜೋಳದ ಹಾಗೆ. ಇದು ಇನ್ನೂ ಊಹೆಯೇ, ಆದರೆ ನನಗೆ ಸರಿ ಅನಿಸುತ್ತದೆ.

ಹಾಗಂತ ನೋವು ಬಂದಾಗ ಉಳಿಸಿಕೊಳ್ಳೋಕೆ ಹೋಗಬೇಡಿ. ಒಡೆದರೆ ಜೀವಕ್ಕೇ ಕುತ್ತು.

ಉತ್ತರ 2:
ಬಾಲದ ಮೂಳೆ ವೇಸ್ಟ್ ಅನ್ನೋರು ಒಮ್ಮೆ ಜಾರಿ ಕುಂಡಿ ಊರಿ ಬಿದ್ದು ನೋಡಲಿ 😀 ಕರುಳು, ಮೂತ್ರಕೋಶವನ್ನು ಕೆಳಗಿಂದ ಹೊತ್ತ ಸ್ನಾಯುಗಳು ಅದಕ್ಕೇ ಅಂಟಿಕೊಂಡಿವೆ. ಥೈಮಸ್ ಅಂತ ಎದೆಯಲ್ಲೊಂದು ಗ್ರಂಥಿ ಇದೆ, ಅದರ ಕೆಲಸ ಏನು ಅಂತ ಜಾಕ್ ಮಿಲ್ಲರ್ ಕಂಡುಹಿಡಿದಿದ್ದೇ 1961ರಲ್ಲಿ. ಅಲ್ಲಿವರೆಗೆ ಅದೂ ದಂಡ ಅಂತಲೇ ಲೆಕ್ಕ.

ಉತ್ತರ 3:
ಎಲ್ಲಕ್ಕೂ ಏನೋ ಒಂದು ಉಪಯೋಗ ಇರಲೇಬೇಕು ಅಂತ ಹಟ ಯಾಕೆ? ಹೆಬ್ಬೆರಳು, ಕಿರುಬೆರಳು ಕೂಡಿಸಿ ಮಣಿಕಟ್ಟನ್ನು ಸ್ವಲ್ಪ ಒಳಗೆ ಬಗ್ಗಿಸಿ. ನಡುವೆ ಹಗ್ಗದ ಥರ ಒಂದು ನರ ಎದ್ದು ಕಾಣುತ್ತಾ? ಅಸಲಿಗೆ ಅದು ಸ್ನಾಯುವಿನ ತುದಿ. ನನಗೆ ಬಲಗೈಲಿದೆ, ಎಡಗೈಲಿಲ್ಲ. ಹಿಡಿತದಲ್ಲಿ ಏನೂ ವ್ಯತ್ಯಾಸ ಗೊತ್ತಾಗಲ್ಲ. ಬೇರೆ ಕಡೆ ಕಸಿ ಮಾಡೋಕೆ ಸರ್ಜನ್‌ಗಳು ಇದನ್ನೇ ತೆಗೆದು ಬಳಸುತ್ತಾರೆ. ಕಿವಿ ಆಡಿಸೋ ಸ್ನಾಯುವಿಗೆ ಅಷ್ಟೂ ಕೆಲಸ ಇಲ್ಲ.

ಪ್ರಶ್ನೆ ಕೇಳಿದವರು:
ನನಗೆ ಎರಡೂ ಕೈಲಿದೆ! ಹುಡುಗ ಇನ್ಮೇಲೆ ಏನಾದರೂ ಜಾಗ್ರತೆ ಮಾಡಬೇಕಾ?

ಉತ್ತರ 1:
ಗಾಯ ಮಾಯುವವರೆಗೆ ಭಾರ ಎತ್ತಿಸಬೇಡಿ, ಉಳಿದದ್ದು ಡಾಕ್ಟರು ಹೇಳಿದಂತೆ. ಗುಲ್ಮ (ಸ್ಪ್ಲೀನ್) ತೆಗೆದಿದ್ದರೆ ಕಥೆ ಬೇರೆ. ಅದಿಲ್ಲದೆಯೂ ಬದುಕಬಹುದು, ಆದರೆ ನ್ಯುಮೋನಿಯಾ ಲಸಿಕೆ ಹಾಕಿಸಲೇಬೇಕು, ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಅಪೆಂಡಿಕ್ಸ್‌ಗೆ ಅದೆಲ್ಲ ಬೇಡ. ಮಿರ್ಚಿ ಯಾವಾಗ ಅಂತ ಅಮ್ಮನನ್ನೇ ಕೇಳಿ.