ಡಿ1352 ರದ್ದಾಯಿತು: ಎನಾಮೆಲ್‌ನಲ್ಲೇ ನಿಂತ ಹುಳುಕಿಗೆ ಈಗ ಯಾವ ಕೋಡ್?

ಕ್ಯಾತ್ಸಂದ್ರ_ಕೋಡರ್

ಎಲ್ಲರಿಗೂ ನಮಸ್ಕಾರ. ತುಮಕೂರಿನಿಂದಲೇ ಅಮೆರಿಕದ ಡೆಂಟಲ್ ಕ್ಲಿನಿಕ್‌ಗಳ ಬಿಲ್ಲಿಂಗ್ ನೋಡುವವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಕೇಳ್ತಿದ್ದೀನಿ. ಸಿಡಿಟಿ (ಅಮೆರಿಕದಲ್ಲಿ ಹಲ್ಲಿನ ಚಿಕಿತ್ಸೆಗಳಿಗೆ ಹಾಕುವ ಕೋಡ್‌ಗಳ ಪಟ್ಟಿ) 2026ರ ಆವೃತ್ತಿ ಜನವರಿ 1ರಿಂದ ಜಾರಿಗೆ ಬಂತು. ಪ್ರಿವೆಂಟಿವ್ ರೆಸಿನ್ ರೆಸ್ಟೋರೇಷನ್‌ಗೆ (ಹಲ್ಲಿನ ಹೊರಪದರ ಎನಾಮೆಲ್‌ನಲ್ಲೇ ನಿಂತ ಹುಳುಕು ತೆಗೆದು ರೆಸಿನ್ ತುಂಬೋದು) ಹಾಕುತ್ತಿದ್ದ ಡಿ1352 ಪಟ್ಟಿಯಿಂದ ಹೋಗಿದೆ. ನಮ್ಮ ಮುಂದೆ ಮೂರು ಥರದ ಕೇಸ್ ಇವೆ:

ಒಂದು, ಡಿಸೆಂಬರ್ 29ಕ್ಕೆ ಕೆಲಸ ಮುಗಿದಿದೆ, ಕ್ಲೇಮ್ ಹೋಗಿದ್ದು ಜನವರಿ 5ಕ್ಕೆ. ಎರಡು, ಜನವರಿ 6ರ ಕೆಲಸಕ್ಕೆ ಸಾಫ್ಟ್‌ವೇರ್ ತಾನೇ ಡಿ1352 ಹಾಕಿ ಕಳಿಸಿ, 181ನೇ ನಂಬರಿನ ಕಾರಣ ಕೊಟ್ಟು ವಾಪಸ್ ಬಂದಿದೆ. ಮೂರು, ನವೆಂಬರ್‌ನಲ್ಲಿ ಡಿ1352ಕ್ಕೆ ಪ್ರೀಡಿಟರ್ಮಿನೇಷನ್ (ಇನ್ಶೂರೆನ್ಸ್ ಎಷ್ಟು ಕೊಡುತ್ತದೆ ಅನ್ನೋ ಮುಂಗಡ ಅಂದಾಜು) ಬಂದಿದೆ, ಕೆಲಸ ಆಗಿದ್ದು ಸಂಕ್ರಾಂತಿ ವಾರದಲ್ಲಿ.

ಎಲ್ಲದಕ್ಕೂ ಡಿ2391 (ದವಡೆ ಹಲ್ಲಿನ ಒಂದು ಮೇಲ್ಮೈಗೆ ಕಾಂಪೊಸಿಟ್, ಅಂದರೆ ಬಿಳಿ ಫಿಲ್ಲಿಂಗ್) ಹಾಕಿಬಿಡಿ ಅಂತ ಟೀಮ್‌ನಲ್ಲಿ ಹೇಳ್ತಿದ್ದಾರೆ. ಆದರೆ ಡಿ2391 ಹುಳುಕು ಎನಾಮೆಲ್ ದಾಟಿ ಒಳಪದರ ಡೆಂಟಿನ್‌ಗೆ ಇಳಿದಿದ್ದರೆ ಮಾತ್ರ ಅಲ್ವಾ? ಡಾಕ್ಟರ ನೋಟ್ಸ್‌ನಲ್ಲಿ "ಎನಾಮೆಲ್ ಮಾತ್ರ" ಅಂತ ಸ್ಪಷ್ಟವಾಗಿದೆ.

ಸಿರಾಗೇಟ್_ಆರ್‌ಸಿಎಂ

ನೀವು ಹೇಳೋ ಡೆಂಟಿನ್ ಷರತ್ತು 2025ರ ಕೊನೆವರೆಗೆ ಇತ್ತು. ಹುಳುಕು ಅಥವಾ ಆಳದ ಸವೆತ ಡೆಂಟಿನ್ ಮುಟ್ಟಿರಬೇಕು, ಇದು ತಡೆಗಟ್ಟುವ ಚಿಕಿತ್ಸೆ ಅಲ್ಲ ಎಂದು ಡಿ2391ರ ವಿವರಣೆಯಲ್ಲೇ ಇತ್ತು. 2026ರಲ್ಲಿ ಆ ಮಾತನ್ನು ತೆಗೆದಿದ್ದಾರೆ. ಡಿ1352 ರದ್ದಾಗಿದ್ದಕ್ಕೂ ಇದಕ್ಕೂ ನಂಟಿದೆ. ಒಂದನ್ನು ತೆಗೆದು ಇನ್ನೊಂದರ ಬಾಗಿಲು ಅಗಲ ಮಾಡಿದ್ದಾರೆ. ಹಾಗಾಗಿ ದವಡೆ ಹಲ್ಲಿನ ಒಂದು ಮೇಲ್ಮೈಯಲ್ಲಿ ಹುಳುಕು ತೆಗೆದು ಕಾಂಪೊಸಿಟ್ ತುಂಬಿದ್ದರೆ, ಎನಾಮೆಲ್‌ನಲ್ಲೇ ನಿಂತಿದ್ದರೂ ಡಿ2391 ಸರಿ.

ಆದರೆ "ಎಲ್ಲದಕ್ಕೂ" ಅನ್ನೋದು ತಪ್ಪು. ಕೋಡ್ ನಿರ್ಧಾರ ಆಗೋದು ಕೆಲಸ ನಡೆದ ದಿನದ ಮೇಲೆ, ಕ್ಲೇಮ್ ಕಳಿಸಿದ ದಿನದ ಮೇಲಲ್ಲ. ಡಿಸೆಂಬರ್ 29ರ ಕೇಸ್‌ಗೆ ಡಿ1352 ಇರಲಿ, ಮುಟ್ಟಬೇಡಿ. ಅದಕ್ಕೆ ಡಿ2391 ಹಾಕಿದರೆ ಹಳೆಯ ವಿವರಣೆಯ ಪ್ರಕಾರ ಡೆಂಟಿನ್ ಮುಟ್ಟಿದೆ ಎಂದು ಹೇಳಿದಂತಾಗುತ್ತದೆ, ಚಾರ್ಟ್ ಬೇರೆ ಹೇಳುತ್ತದೆ. ಆಡಿಟ್‌ನಲ್ಲಿ ಸಿಕ್ಕಿಬೀಳೋದು ಇಂಥ ಸಾಲುಗಳೇ.

ಜನವರಿ 6ರದ್ದು: 181 ಎಂದರೆ ಆ ದಿನಕ್ಕೆ ಆ ಕೋಡ್ ಚಾಲ್ತಿಯಲ್ಲಿ ಇರಲಿಲ್ಲ ಅಂತ. ಹಳೆಯ ಕೋಡ್‌ಗೆ ಗ್ರೇಸ್ ಅವಧಿ ಇಲ್ಲ, ಹಾಗಾಗಿ ಅಪೀಲ್ ಬರೆದು ಸಮಯ ಕಳೆಯಬೇಡಿ, ಚಾರ್ಟ್ ನೋಡಿ ತಿದ್ದಿ ಕಳಿಸಿ. ನವೆಂಬರ್‌ನ ಪ್ರೀಡಿಟರ್ಮಿನೇಷನ್ ಹಳೆಯ ಕೋಡ್‌ಗೆ ಸಿಕ್ಕಿದ್ದು, ಅದನ್ನು ಹೊಸ ಕೋಡ್‌ಗೆ ಹೊತ್ತುಕೊಂಡು ಹೋಗೋಕಾಗಲ್ಲ. ಕೆಲಸ ಇನ್ನೂ ಆಗದಿದ್ದ ಪೇಷಂಟ್‌ಗಳಿಗೆ ಈಗಲೇ ಹೊಸದಾಗಿ ಹಾಕಿ.

ಸಾಫ್ಟ್‌ವೇರ್ ಬಗ್ಗೆ ಒಂದು ಮಾತು. ಕೋಡ್ ಅಪ್‌ಡೇಟ್ ಓಡಿಸಿದರೆ ಮುಗಿಯಿತು ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಹಳೆಯ ಟ್ರೀಟ್‌ಮೆಂಟ್ ಪ್ಲಾನ್‌ಗಳಲ್ಲಿ ಕೂತಿರುವ ಡಿ1352 ಸಾಲು ಹಾಗೇ ಇರುತ್ತದೆ. ಡಾಕ್ಟರ್ "ಕಂಪ್ಲೀಟ್" ಒತ್ತಿದ ಕೂಡಲೇ ಅದೇ ಕೋಡ್ ಕ್ಲೇಮ್‌ಗೆ ಇಳಿಯುತ್ತದೆ. ಬಾಕಿ ಇರುವ ಪ್ಲಾನ್‌ಗಳಲ್ಲಿ ಡಿ1352 ಇರುವ ಎಲ್ಲರ ವರದಿ ತೆಗೆಯಿರಿ. ಕ್ವಿಕ್ ಬಟನ್‌ಗಳಲ್ಲಿ, ನೋಟ್ ಟೆಂಪ್ಲೇಟ್‌ಗಳಲ್ಲಿ ಕೂಡ ಅಡಗಿರುತ್ತದೆ, ಅಲ್ಲೂ ಹುಡುಕಿ.

ತಿಪಟೂರು_ಬಿಡಿಎಸ್

ಚಾರ್ಟ್ ಕಡೆಯಿಂದ ನಾನು ಸೇರಿಸ್ತೀನಿ. ಬಿಲ್ಲಿಂಗ್‌ನವರು ಡಿ1352 ಇದ್ದ ಕಡೆಯೆಲ್ಲ ಡಿ2391 ಅಂತ ಬದಲಾಯಿಸೋದಕ್ಕೆ ಮೊದಲು ನೋಟ್ಸ್‌ನಲ್ಲಿ ಒಂದು ಪ್ರಶ್ನೆಗೆ ಉತ್ತರ ಹುಡುಕಬೇಕು: ಹುಳುಕು ತೆಗೆದಿದ್ದಾರಾ, ಇಲ್ಲವಾ?

ಹಲ್ಲಿನ ಗೀರಿನಲ್ಲಿ ಕುಳಿ ಬಿದ್ದಿಲ್ಲ, ಬರೀ ತೊಳೆದು ಆಸಿಡ್ ಎಚ್ ಮಾಡಿ ಸೀಲಂಟ್ (ಹುಳುಕು ಬಾರದಂತೆ ಗೀರು ಮುಚ್ಚುವ ಲೇಪ) ಹರಿಸಿ ಲೈಟ್ ಹಿಡಿದಿದ್ದರೆ ಅದು ಡಿ1351, ಸೀಲಂಟ್ ಅಷ್ಟೇ. ಕುಳಿ ಬಿದ್ದು, ಬರ್ ಅಥವಾ ಏರ್ ಅಬ್ರೇಷನ್‌ನಲ್ಲಿ ಹುಳುಕು ತೆಗೆದು, ಬಾಂಡ್ ಹಚ್ಚಿ ಕಾಂಪೊಸಿಟ್ ತುಂಬಿದ್ದರೆ ಡಿ2391. ಫ್ಲೋಯಬಲ್ (ಹರಿಯುವ) ಕಾಂಪೊಸಿಟ್ ಬಳಸಿದರು ಅನ್ನೋ ಕಾರಣಕ್ಕೆ ಅದು ಫಿಲ್ಲಿಂಗ್ ಆಗಲ್ಲ, ಸೀಲಂಟ್ ಬಳಸಿದರು ಅಂತ ಪ್ರಿವೆಂಟಿವ್ ರೆಸಿನ್ ಕೂಡ ಆಗಲ್ಲ. ಹಲ್ಲಿಗೆ ಏನು ಮಾಡಿದರು ಅನ್ನೋದು ಮುಖ್ಯ.

ಡಿ1352ರಲ್ಲಿ ಪಕ್ಕದ ಆರೋಗ್ಯವಾದ ಗೀರುಗಳಿಗೆ ಹಾಕಿದ ಸೀಲಂಟ್ ಕೂಡ ಸೇರಿತ್ತು. ಈಗ ಅದೇ ಕೆಲಸಕ್ಕೆ ಡಿ2391 ಜೊತೆ ಡಿ1351 ಇನ್ನೊಂದು ಸಾಲು ಹಾಕೋಣ ಅನ್ನಿಸಬಹುದು. ಅದೇ ಹಲ್ಲು, ಅದೇ ಮೇಲ್ಮೈ, ಅದೇ ದಿನ ಆದರೆ ಇನ್ಶೂರೆನ್ಸ್ ಸಾಮಾನ್ಯವಾಗಿ ಫಿಲ್ಲಿಂಗ್ ಒಳಗೇ ಸೇರಿಸಿ 97ನೇ ನಂಬರಿನ ಕಾರಣ ಕೊಟ್ಟು ಬಿಡುತ್ತದೆ.

ನೋಟ್ಸ್‌ನಲ್ಲಿ ಇರಬೇಕಾದ್ದು: ಯಾವ ಹಲ್ಲು, ಯಾವ ಮೇಲ್ಮೈ, ಕುಳಿ ಇತ್ತಾ, ಆಳ ಎಲ್ಲಿವರೆಗೆ, ಏನು ಬಳಸಿ ತೆಗೆದರು, ಯಾವ ವಸ್ತು ತುಂಬಿದರು. ಜೊತೆಗೆ ಬೈಟ್‌ವಿಂಗ್ ಎಕ್ಸ್‌ರೇ ಅಥವಾ ಕುಳಿ ಕಾಣುವ ಫೋಟೋ. ಎನಾಮೆಲ್ ಹುಳುಕು ಎಕ್ಸ್‌ರೇಯಲ್ಲಿ, ಅದರಲ್ಲೂ ಕಚ್ಚುವ ಮೇಲ್ಮೈಯದು, ಹೆಚ್ಚಾಗಿ ಕಾಣಿಸೋದೇ ಇಲ್ಲ. ಹಾಗಾಗಿ ಇಂಥ ಕೇಸ್‌ಗೆ ಇಂಟ್ರಾಓರಲ್ ಫೋಟೋ ಜಾಸ್ತಿ ಉಪಯೋಗ.

ರೋಗದ ಕೋಡ್ ಕೇಳಿದರೆ ಗೀರು-ಕುಳಿಯ ಮೇಲ್ಮೈಗೆ ಎನಾಮೆಲ್ ಮಾತ್ರ ಆದರೆ ಕೆ02.51, ಡೆಂಟಿನ್‌ಗೆ ಹೋಗಿದ್ದರೆ ಕೆ02.52, ಪಲ್ಪ್ (ಹಲ್ಲಿನೊಳಗಿನ ನರದ ಭಾಗ) ಮುಟ್ಟಿದ್ದರೆ ಕೆ02.53. ನಯವಾದ ಮೇಲ್ಮೈಗೆ ಕೆ02.61ರಿಂದ 63. ಡಿ2391 ಬಂತು ಅಂತ ಅಭ್ಯಾಸಬಲದಿಂದ ಕೆ02.52 ಹಾಕಬೇಡಿ. ಚಾರ್ಟ್ ಎನಾಮೆಲ್ ಅನ್ನುತ್ತಿದ್ದರೆ ಕೆ02.51 ಹಾಕಬೇಕು, ಈಗ ಅದಕ್ಕೂ ಡಿ2391ಕ್ಕೂ ಜಗಳ ಇಲ್ಲ.

ಇನ್ನೊಂದು ತಪ್ಪು, ಇಲ್ಲಿ ಬಿಡಿಎಸ್ ಮುಗಿಸಿ ಬಿಲ್ಲಿಂಗ್‌ಗೆ ಬರೋ ಹುಡುಗರಲ್ಲಿ ತುಂಬಾ ನೋಡ್ತೀವಿ. ನಾವು ಓದಿದ್ದು ಎಫ್‌ಡಿಐ ಎರಡಂಕಿ ನಂಬರ್, ಅಮೆರಿಕದಲ್ಲಿ ಯೂನಿವರ್ಸಲ್. ನಮ್ಮ 36 ಅಲ್ಲಿ 19, ನಮ್ಮ 46 ಅಲ್ಲಿ 30, ನಮ್ಮ 26 ಅಲ್ಲಿ 14, ನಮ್ಮ 16 ಅಲ್ಲಿ 3. 36, 46 ಹಾಕಿದರೆ ಸಿಸ್ಟಮ್ ತಡೆಯುತ್ತದೆ, ಯಾಕೆಂದರೆ ಅಲ್ಲಿ ಶಾಶ್ವತ ಹಲ್ಲುಗಳು 32ಕ್ಕೇ ಮುಗಿಯುತ್ತವೆ. ಅಪಾಯ ಇರೋದು 16, 26 ಇಂಥವುಗಳಲ್ಲಿ. ನಮ್ಮ ಮೇಲಿನ ಬಲ ಮೊದಲ ದವಡೆ ಹಲ್ಲು ಅಂತ 16 ಹಾಕಿದರೆ ಅಲ್ಲಿ ಅದು ಮೇಲಿನ ಎಡ ಬುದ್ಧಿ ಹಲ್ಲು, ಕ್ಲೇಮ್ ಸಲೀಸಾಗಿ ಒಳಗೆ ಹೋಗಿ ತಪ್ಪು ಹಲ್ಲಿನ ದಾಖಲೆಯಲ್ಲಿ ಕೂರುತ್ತದೆ. ಫಾರ್ಮ್‌ನ 26ನೇ ಬಾಕ್ಸ್‌ನಲ್ಲಿ ಜೆಪಿ (ಯೂನಿವರ್ಸಲ್ ನಂಬರ್ ಅನ್ನೋ ಗುರುತು) ಇದೆಯಾ ನೋಡಿ. ಹಾಲು ಹಲ್ಲಿಗೆ ಅಂಕಿ ಅಲ್ಲ, ಎ ಯಿಂದ ಟಿ ವರೆಗೆ ಅಕ್ಷರ.

ಕ್ಯಾತ್ಸಂದ್ರ_ಕೋಡರ್

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಡಾಕ್ಟ್ರೇ, ಒಂದೇ ಹಲ್ಲಿನಲ್ಲಿ ಮೇಲೆ ಒಂದು ಕುಳಿ, ಕೆನ್ನೆಯ ಕಡೆ ಪ್ರತ್ಯೇಕ ಒಂದು ಕುಳಿ ತುಂಬಿದ್ದರೆ? ಮತ್ತೆ ಪೇಷಂಟ್ ಎಸ್ಟಿಮೇಟ್ ಬದಲಾಗುತ್ತಾ? ಫ್ರಂಟ್ ಡೆಸ್ಕ್‌ನವರು ಅದನ್ನೇ ಕೇಳ್ತಿದ್ದಾರೆ.

ತಿಪಟೂರು_ಬಿಡಿಎಸ್

ಎರಡು ಕುಳಿಗೂ ಸಂಪರ್ಕ ಇಲ್ಲದಿದ್ದರೆ ಡಿ2391 ಒಂದು ಒ (ಕಚ್ಚುವ) ಮೇಲ್ಮೈಗೆ, ಇನ್ನೊಂದು ಬಿ (ಕೆನ್ನೆ ಕಡೆಯ) ಮೇಲ್ಮೈಗೆ. ಒಂದೇ ಫಿಲ್ಲಿಂಗ್ ಆಗಿ ಕೂಡಿಕೊಂಡಿದ್ದರೆ ಎರಡು ಮೇಲ್ಮೈಯ ಕೋಡ್ ಡಿ2392, ಒಬಿ. ಬೇರೆಬೇರೆ ಎಂದು 35ನೇ ರಿಮಾರ್ಕ್ಸ್ ಬಾಕ್ಸ್‌ನಲ್ಲಿ ಒಂದು ಸಾಲು ಬರೆಯಿರಿ, ಆದರೂ ಕೆಲವು ಪ್ಲಾನ್‌ಗಳು ಎರಡನ್ನೂ ಕೂಡಿಸಿಯೇ ದುಡ್ಡು ಕೊಡುತ್ತವೆ.

ಗುಬ್ಬಿ_ಪೇಮೆಂಟ್ಸ್

ಎಸ್ಟಿಮೇಟ್ ಖಂಡಿತ ಬದಲಾಗುತ್ತದೆ, ಫ್ರಂಟ್ ಡೆಸ್ಕ್‌ಗೆ ಮೊದಲು ಹೇಳಬೇಕಾದ್ದೇ ಇದು. ಕೆಲವು ಪ್ಲಾನ್‌ಗಳು ಡಿ1352ನ್ನು ಪ್ರಿವೆಂಟಿವ್ ಗುಂಪಿನಲ್ಲಿಟ್ಟು ನೂರಕ್ಕೆ ನೂರು ಕೊಡುತ್ತಿದ್ದವು. ಡಿ2391 ಬೇಸಿಕ್ ಗುಂಪು, ಡಿಡಕ್ಟಿಬಲ್ (ಪ್ಲಾನ್ ಕೊಡೋಕೆ ಮೊದಲು ಪೇಷಂಟ್ ತಾನೇ ಕಟ್ಟಬೇಕಾದ ಮೊತ್ತ) ಹತ್ತುತ್ತದೆ. ಅದೂ ಜನವರಿ ಅಂದರೆ ಹೆಚ್ಚಿನವರದ್ದು ಹೊಸದಾಗಿ ಶುರುವಾಗಿರುತ್ತದೆ.

ಲೆಕ್ಕ ಅರ್ಥವಾಗಲಿ ಅಂತ ಒಂದು ಉದಾಹರಣೆ. ಡಿ2391ಕ್ಕೆ ಒಪ್ಪಂದದ ಫೀ 150 ಡಾಲರ್, ಡಿಡಕ್ಟಿಬಲ್ 50, ಪ್ಲಾನ್ ಶೇ. 80 ಕೊಡುತ್ತದೆ ಅನ್ನಿ. 150ರಲ್ಲಿ 50 ಕಳೆದರೆ 100, ಅದರ ಶೇ. 80 ಅಂದರೆ 80 ಪ್ಲಾನ್‌ದು, 70 ಪೇಷಂಟ್‌ದು. ಪ್ಲಾನ್ ದವಡೆ ಹಲ್ಲಿನ ಬಿಳಿ ಫಿಲ್ಲಿಂಗ್ ಅನ್ನು ಬೆಳ್ಳಿ ಬಣ್ಣದ ಅಮಾಲ್ಗಮ್‌ಗೆ, ಅಂದರೆ ಡಿ2140ಕ್ಕೆ ಇಳಿಸಿ ಲೆಕ್ಕ ಹಾಕುವುದಾದರೆ, ಅದರ ಫೀ 110 ಅಂತಿಟ್ಟುಕೊಳ್ಳಿ: 60ರ ಶೇ. 80, ಅಂದರೆ 48 ಮಾತ್ರ ಬರುತ್ತದೆ. ಪೇಷಂಟ್ ಪಾಲು 102. ಮಗುವಿನ ತಾಯಿಗೆ ನವೆಂಬರ್‌ನಲ್ಲಿ ಸೊನ್ನೆ ಅಂತ ಹೇಳಿ ಈಗ 102 ಡಾಲರ್ ಬಿಲ್ ಕಳಿಸಿದರೆ ಕೋಪ ಬರೋದು ನ್ಯಾಯವೇ. ಎಲಿಜಿಬಿಲಿಟಿ ಕಾಲ್‌ನಲ್ಲಿ (ಪೇಷಂಟ್‌ಗೆ ಏನೇನು ಸಿಗುತ್ತದೆ ಅಂತ ಇನ್ಶೂರೆನ್ಸ್‌ಗೆ ಮಾಡುವ ಫೋನ್) ಹೀಗೆ ಇಳಿಸುವ ಡೌನ್‌ಗ್ರೇಡ್ ಇದೆಯಾ ಅಂತ ನೇರವಾಗಿ ಕೇಳಿ. ಚಳಿಗಾಲದಲ್ಲಿ ಅಮೆರಿಕದ ಪೂರ್ವ ಕರಾವಳಿಯ ಬೆಳಿಗ್ಗೆ 8 ಅಂದರೆ ನಮಗೆ ಸಂಜೆ 6:30, ಆ ಮೊದಲ ಒಂದು ಗಂಟೆಯಲ್ಲೇ ಫೋನ್ ಹಾಕಿ.

ಬಿಲ್ ಕಡಿಮೆಯಾಗಲಿ ಅಂತ ಫಿಲ್ಲಿಂಗ್ ಮಾಡಿ ಡಿ1351 ಹಾಕಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮಾಡದ ಕೆಲಸ ಬರೆದಂತೆ ಅದು.

ಹುಳುಕಿಗೆ ಸಂಬಂಧಿಸಿದ ಇನ್ನಷ್ಟು ಕೋಡ್‌ಗಳನ್ನೂ ಇದೇ ಸಲ ಸರಿಮಾಡಿಕೊಳ್ಳಿ. ಹಾಲು ಹಲ್ಲಿನ ತಾತ್ಕಾಲಿಕ ಫಿಲ್ಲಿಂಗ್ ಡಿ2941 ಆಗಲೇ 2025ರಲ್ಲಿ ಹೋಯಿತು, ಈಗ ಅದಕ್ಕೂ ಡಿ2940. ಬೆಳ್ಳಿಯ ಔಷಧ, ಅಂದರೆ ಎಸ್‌ಡಿಎಫ್ ಹಚ್ಚಿ ಹುಳುಕು ನಿಲ್ಲಿಸಿದರೆ ಡಿ1354, ಹಲ್ಲಿಗೊಂದು ಸಾಲು. ಡಿ1355 ಹುಳುಕು ಬಾರದಂತೆ ಹಚ್ಚುವ ಔಷಧಕ್ಕೆ, ಫ್ಲೋರೈಡ್ ವಾರ್ನಿಷ್ ಅದರಲ್ಲಿ ಬರಲ್ಲ. ವಾರ್ನಿಷ್ ಡಿ1206. ಹೈಡ್ರಾಕ್ಸಿಅಪಟೈಟ್ ಮರುಬೆಳವಣಿಗೆಯ ಔಷಧಕ್ಕೆ 2024ರಿಂದ ಡಿ2991. ಫಿಲ್ಲಿಂಗ್‌ಗೆಂದು ಕೊರೆದು ನೋಡಿ, ಹಲ್ಲು ಉಳಿಯಲ್ಲ ಅಂತ ಗೊತ್ತಾಗಿ ನಿಲ್ಲಿಸಿದರೆ ಡಿ2989, ಅದೂ 2024ರದ್ದೇ. ಇದನ್ನು ಬಹಳ ಜನ ಮರೆತು ಡಾಕ್ಟರ ಅಷ್ಟು ಹೊತ್ತಿನ ಕೆಲಸವನ್ನು ಸುಮ್ಮನೆ ಬಿಡುತ್ತಾರೆ.

ಸಿರಾಗೇಟ್_ಆರ್‌ಸಿಎಂ

ವಾಪಸ್ ಬಂದ ಕ್ಲೇಮ್ ತಿದ್ದಿ ಕಳಿಸುವಾಗ ಒಂದು ವ್ಯತ್ಯಾಸ ನೋಡಿಕೊಳ್ಳಿ. ಕ್ಲಿಯರಿಂಗ್‌ಹೌಸ್‌ನಲ್ಲೇ (ಕ್ಲೇಮ್‌ಗಳನ್ನು ಇನ್ಶೂರೆನ್ಸ್‌ಗೆ ತಲುಪಿಸುವ ಮಧ್ಯವರ್ತಿ) ತಡೆದು ವಾಪಸ್ ಬಂದಿದ್ದರೆ ಇನ್ಶೂರೆನ್ಸ್ ಅದನ್ನು ನೋಡೇ ಇಲ್ಲ, ಹೊಸ ಕ್ಲೇಮ್ ಆಗಿ ಫ್ರೀಕ್ವೆನ್ಸಿ ಕೋಡ್ (ಕ್ಲೇಮ್ ಹೊಸದೋ ತಿದ್ದಿದ್ದೋ ಅಂತ ಹೇಳುವ ಅಂಕಿ) 1ರಲ್ಲೇ ಕಳಿಸಿ. ನಿಮ್ಮ ಹಾಗೆ ಇಆರ್‌ಎಯಲ್ಲಿ (ಇನ್ಶೂರೆನ್ಸ್ ಕಳಿಸುವ ಎಲೆಕ್ಟ್ರಾನಿಕ್ ಪಾವತಿ ವಿವರ) 181 ಬಂದಿದ್ದರೆ ಅವರ ಹತ್ತಿರ ದಾಖಲೆ ಇದೆ. ಆಗ ಫ್ರೀಕ್ವೆನ್ಸಿ ಕೋಡ್ 7, ಜೊತೆಗೆ ಎಫ್8 ಜಾಗದಲ್ಲಿ ಅವರು ಕೊಟ್ಟ ಮೂಲ ಕ್ಲೇಮ್ ನಂಬರ್. ಅದಿಲ್ಲದೆ ಹೊಸದಾಗಿ ಕಳಿಸಿದರೆ ಡೂಪ್ಲಿಕೇಟ್ ಅಂತ 18ನೇ ನಂಬರಿನ ಕಾರಣಕ್ಕೆ ಮತ್ತೆ ನಿಲ್ಲುತ್ತದೆ. ಅಷ್ಟರಲ್ಲಿ ಫೈಲಿಂಗ್ ಗಡುವು ಓಡುತ್ತಿರುತ್ತದೆ.