ರೆಕಾರ್ಡಿಂಗ್ ಕೋಣೆಗೆ ಸಪ್ಪಳ ಮಾಡದ ಎಸ್‌ಎಂಪಿಎಸ್ ಯಾವುದು ತಗೋಬೇಕ್ರಿ?

ಪ್ರಶ್ನೆ: ಧಾರವಾಡ, ಸಪ್ತಾಪುರ

ಮನ್ಯಾಗ ಗಾಯನ ರೆಕಾರ್ಡ್ ಮಾಡೋ ಕಂಪ್ಯೂಟರ್‌ಗೆ ಹೊಸಾ ಎಸ್‌ಎಂಪಿಎಸ್ (ಒಳಗಿನ ಭಾಗಕ್ಕೆಲ್ಲಾ ಕರೆಂಟ್ ಕೊಡೋ ಡಬ್ಬಿ) ಬೇಕಾಗೇತಿ. ಬೋರ್ಡ್ ಬಿ450, ಮೈಕ್ರೋ ಎಟಿಎಕ್ಸ್. 24 ಪಿನ್ನಿಂದು ಒಂದು, ಪ್ರೊಸೆಸರ್ ಬಾಜೂಕ 8 ಪಿನ್ನಿಂದು ಒಂದು ಕನೆಕ್ಟರ್ ಐತಿ. ರೈಜನ್ 5 5600 ಪ್ರೊಸೆಸರ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್, ಒಂದು ಎಸ್‌ಎಸ್‌ಡಿ, ಎರಡು ಹಾರ್ಡ್‌ಡಿಸ್ಕ್. ಈಗಿರೋ ಎಸ್‌ಎಂಪಿಎಸ್ ಮ್ಯಾಲೆ 450 ವ್ಯಾಟ್ ಅಂತ ಬರದೈತಿ. ಅದರ ಫ್ಯಾನ್ ಸಪ್ಪಳ ಮೈಕ್‌ನ್ಯಾಗ ಬರ್ತೈತಿ. 600 ವಿಎ ಯುಪಿಎಸ್ ಇದ್ರೂ ಕರೆಂಟ್ ಹೋದಾಗ ಒಮ್ಮೊಮ್ಮೆ ರಿಸ್ಟಾರ್ಟ್ ಆಗ್ತೈತಿ. ಆಫೀಸಿನ ಹಳೇ ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ನ ಎಸ್‌ಎಂಪಿಎಸ್ ಒಂದು ಸುಮ್ನ ಬಿದ್ದೈತಿ, ಅದು ನಡೀತೈತೇನ್ರಿ? ಹೊಸಾದು ಅಂದ್ರ ಎಷ್ಟು ವ್ಯಾಟ್‌ದು ನೋಡ್ಬೇಕು?

ಹುಬ್ಬಳ್ಳಿ, ಕಂಪ್ಯೂಟರ್ ರಿಪೇರಿ

ಮೊದಲ ಈಗಿರೋದ್ರ ಮಗ್ಗಲಾಗ ಹಚ್ಚಿರೋ ಲೇಬಲ್ ಓದ್ರಿ. 450 ಅನ್ನೋ ದೊಡ್ಡ ಅಂಕಿ ಬಿಡ್ರಿ. +12 ವೋಲ್ಟ್ ಅಂತಿರೋ ಸಾಲಿನ್ಯಾಗ ಎಷ್ಟು ಆಂಪಿಯರ್ ಐತಿ ನೋಡಿ, ಅದನ್ನ 12ರಿಂದ ಗುಣಸ್ರಿ. 16 ಆಂಪಿಯರ್ ಇದ್ರ 192 ವ್ಯಾಟ್, ಅಷ್ಟ. ಪ್ರೊಸೆಸರ್ ಮತ್ತ ಗ್ರಾಫಿಕ್ಸ್ ಕಾರ್ಡ್ ಹೆಚ್ಚೂಕಡಿಮಿ ಪೂರಾ 12 ವೋಲ್ಟ್ ಮ್ಯಾಲೇ ನಡೀತಾವು. 3.3 ಮತ್ತ 5 ವೋಲ್ಟಿನ ವ್ಯಾಟ್ ಕೂಡಿಸಿ 450 ಅಂತ ಬರದ್ರ ಅವಕ್ಕೇನೂ ಸಿಗೂದಿಲ್ಲ. ಛಲೋ 550 ವ್ಯಾಟಿಂದ್ರ ಲೇಬಲ್ ಮ್ಯಾಲೆ 12 ವೋಲ್ಟಿಗೆ ಸುಮಾರು 45 ಆಂಪಿಯರ್, ಅಂದ್ರ 540 ವ್ಯಾಟ್ ಇರ್ತೈತಿ. 12ವಿ1, 12ವಿ2 ಅಂತ ಎರಡು ಬರದಿದ್ರ ಆ ಎರಡೂ ಕೂಡಿಸಬ್ಯಾಡ್ರಿ, ಎರಡೂ ಸೇರಿದ ಮಿತಿ ಕೆಳಗ ಬ್ಯಾರೇನ ಬರದಿರ್ತಾರ.

ನಿಮ್ಮ ಲೆಕ್ಕ ಹಿಂಗ ಬರ್ತೈತಿ: ಪ್ರೊಸೆಸರ್ ಜೋರು ಓಡಿದಾಗ 90 ವ್ಯಾಟ್ ಹಿಡೀರಿ, ಕಾರ್ಡಿಗೆ 125, ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಸೇರಿ 45, ಎರಡು ಹಾರ್ಡ್‌ಡಿಸ್ಕಿಗೆ 20. ಎಲ್ಲಾ ಸೇರಿ 280. ಹಾರ್ಡ್‌ಡಿಸ್ಕ್ ಶುರು ಆಗೋವಾಗ ಒಂದೊಂದೂ 12 ವೋಲ್ಟಿನ್ಯಾಗ 2 ಆಂಪಿಯರ್ ತನಕಾ ಎಳೀತಾವು, ಆದ್ರ ಆವಾಗ ಕಾರ್ಡ್ ಖಾಲಿ ಕುಂತಿರ್ತೈತಿ, ಚಿಂತಿಲ್ಲ. 550 ಸಾಕ್ರಿ. 650 ಅದ ರೇಟಿಗೆ ಸಿಕ್ರ ತಗೋರಿ. 850 ಅಂತ ಯಾರರ ಹೇಳಿದ್ರ ರೊಕ್ಕ ದಂಡ.

ಆಫೀಸ್ ಡೆಸ್ಕ್‌ಟಾಪಿಂದು ಬ್ಯಾಡ್ರಿ. ಡೆಲ್, ಎಚ್‌ಪಿ, ಲೆನೊವೊ ಆಫೀಸ್ ಮಷಿನ್ಯಾಗ ಭಾಳಷ್ಟಕ್ಕ 24 ಪಿನ್ ಇರೂದ ಇಲ್ಲ. 6, 8, 10, 14 ಪಿನ್ ಹಿಂಗ ಅವರವರದ ಬ್ಯಾರೆ. ಅದ್ರಾಗ ಕೆಲವು 12 ವೋಲ್ಟ್ ಅಷ್ಟ ಕೊಡ್ತಾವು, 5 ಮತ್ತ 3.3 ಬೋರ್ಡಿನ ಮ್ಯಾಲೇ ತಯಾರಾಗ್ತೈತಿ. ನಿಮ್ಮ ಬಿ450ಗೆ ಆ ಎರಡೂ ಎಸ್‌ಎಂಪಿಎಸ್‌ನಿಂದಲೇ ಬರಬೇಕು. ಕೂಡೂ ಪ್ಲಗ್ ಇದ್ರೂ ಗ್ರಾಫಿಕ್ಸ್ ಕಾರ್ಡಿಗೆ 8 ಪಿನ್ ಸಿಗೂದು ಕಷ್ಟ.

ಧಾರವಾಡ, ಎಲೆಕ್ಟ್ರಾನಿಕ್ಸ್ ಲ್ಯಾಬ್

ವ್ಯಾಟ್ ಲೆಕ್ಕ ಸರಿಯಾಗಿದೆ. ಸದ್ದಿನ ವಿಷಯಕ್ಕೆ ಬರುತ್ತೇನೆ. ಫ್ಯಾನ್ ತಿರುಗುವುದು ಒಳಗೆ ಹುಟ್ಟುವ ಶಾಖವನ್ನು ಹೊರಹಾಕಲಿಕ್ಕೆ. ಹೊರಗೆ 250 ವ್ಯಾಟ್ ಕೊಡುವಾಗ ಶೇ. 85 ದಕ್ಷತೆಯ ಎಸ್‌ಎಂಪಿಎಸ್ ಸುಮಾರು 294 ವ್ಯಾಟ್ ಎಳೆದು 44 ವ್ಯಾಟನ್ನು ಶಾಖ ಮಾಡುತ್ತದೆ. ಶೇ. 90ರದ್ದು 278 ಎಳೆದು 28 ವ್ಯಾಟನ್ನಷ್ಟೇ ಶಾಖ ಮಾಡುತ್ತದೆ. 80 ಪ್ಲಸ್ ಎಂಬ ದಕ್ಷತೆಯ ಪ್ರಮಾಣಪತ್ರದ ಬ್ರಾಂಜ್ ಮತ್ತು ಗೋಲ್ಡ್ ದರ್ಜೆಗಳ ನಡುವೆ ಅರ್ಧ ಲೋಡಿನಲ್ಲಿ ಇರುವ ಅಂತರ ಇಷ್ಟೇ (115 ವೋಲ್ಟಿನ ಪರೀಕ್ಷೆಯ ಅಂಕಿ ಇವು, ನಮ್ಮ 230 ವೋಲ್ಟಿನಲ್ಲಿ ಎರಡೂ ತುಸು ಮೇಲೆ). ಗೋಲ್ಡ್‌ಗೆ ಹೆಚ್ಚು ದುಡ್ಡು ಕೊಡುವುದಕ್ಕೆ ನಿಮ್ಮ ಮಟ್ಟಿಗೆ ಕಾರಣ ವಿದ್ಯುತ್ ಬಿಲ್ ಅಲ್ಲವೇ ಅಲ್ಲ, ಆ 16 ವ್ಯಾಟ್ ಶಾಖ ಕಡಿಮೆಯಾಗುವುದು.

ಆದರೆ 80 ಪ್ಲಸ್ ಚೀಟಿ ಸದ್ದನ್ನು ಅಳೆಯುವುದಿಲ್ಲ. ಸದ್ದಿಗೆ ಸೈಬೆನೆಟಿಕ್ಸ್ ಎಂಬ ಪರೀಕ್ಷಾ ಸಂಸ್ಥೆಯ ದರ್ಜೆ ನೋಡಿ: ಎ++ ಎಂದರೆ 15 ಡೆಸಿಬಲ್‌ಗಿಂತ ಕಡಿಮೆ, ಎ+ 15ರಿಂದ 20, ಎ 20ರಿಂದ 25, ಎ- 25ರಿಂದ 30. ರೆಕಾರ್ಡಿಂಗ್‌ಗೆ ಎ ದರ್ಜೆಗಿಂತ ಕೆಳಗಿಳಿಯಬೇಡಿ. ಫ್ಯಾನ್ 120 ಅಥವಾ 135 ಮಿಲಿಮೀಟರ್ ಇರಲಿ, ಬೇರಿಂಗ್ ಫ್ಲೂಯಿಡ್ ಡೈನಾಮಿಕ್ ಇರಲಿ. ಅಗ್ಗದ ಸ್ಲೀವ್ ಬೇರಿಂಗ್ ನಮ್ಮ ಎರೆಮಣ್ಣಿನ ದೂಳಿಗೂ ಬೇಸಿಗೆಯ ಬಿಸಿಗೂ ಬೇಗ ಒಣಗಿ ಗುರುಗುಡುತ್ತದೆ. ಕಡಿಮೆ ಲೋಡಿನಲ್ಲಿ ಫ್ಯಾನ್ ಪೂರ್ತಿ ನಿಲ್ಲುವ ಮಾದರಿಗಳಿವೆ. ಕೋರ್ಸೇರ್ ಆರ್‌ಎಂ, ಸೀಸಾನಿಕ್ ಫೋಕಸ್ ಜಿಎಕ್ಸ್ ಆ ಜಾತಿಯವು. ಸೀಸಾನಿಕ್‌ನಲ್ಲಿ ಇದಕ್ಕೆ ಹಿಂದೆ ಒಂದು ಗುಂಡಿ ಇರುತ್ತದೆ, ಅದು ಒತ್ತಿದೆಯೋ ಇಲ್ಲವೋ ನೋಡಿಕೊಳ್ಳಿ. ರೆಕಾರ್ಡ್ ಮಾಡುವಾಗ ನಿಮ್ಮ ಕಂಪ್ಯೂಟರ್ 100 ವ್ಯಾಟ್ ಸಹ ಎಳೆಯಲಾರದು, ಫ್ಯಾನ್ ನಿಂತೇ ಇರುತ್ತದೆ.

ಪೂರ್ತಿ ವ್ಯಾಟನ್ನು ಎಷ್ಟು ಡಿಗ್ರಿಯಲ್ಲಿ ಕೊಡುತ್ತದೆ ಎಂಬುದನ್ನೂ ಓದಿ. 40 ಮತ್ತು 50 ಎರಡೂ ಥರ ಸಿಗುತ್ತವೆ. ಏಪ್ರಿಲ್‌, ಮೇನಲ್ಲಿ ಕೋಣೆಯೇ 35 ದಾಟಿದಾಗ ಕ್ಯಾಬಿನೆಟ್ಟಿನೊಳಗೆ 40 ಸುಲಭವಾಗಿ ಮೀರುತ್ತದೆ. 50ರದ್ದು ತೆಗೆದುಕೊಳ್ಳಿ.

ರಿಸ್ಟಾರ್ಟ್ ಆಗುವುದಕ್ಕೆ ಯುಪಿಎಸ್ಸನ್ನೇ ಬೈಯಬೇಡಿ. ಆಫ್‌ಲೈನ್ ಯುಪಿಎಸ್ ಬ್ಯಾಟರಿಗೆ ಹೊರಳಲು ಸಾಮಾನ್ಯವಾಗಿ 4ರಿಂದ 10 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಆ ಹೊತ್ತು ಎಸ್‌ಎಂಪಿಎಸ್ಸಿನ ದೊಡ್ಡ ಕೆಪ್ಯಾಸಿಟರ್ ಕಂಪ್ಯೂಟರನ್ನು ಹಿಡಿದಿಡಬೇಕು. ಸರಿಯಾದದ್ದು 16 ಮಿಲಿಸೆಕೆಂಡ್ ಹಿಡಿಯುತ್ತದೆ. ಅಗ್ಗದ್ದರಲ್ಲಿ ಆ ಕೆಪ್ಯಾಸಿಟರ್ ಮೊದಲೇ ಸಣ್ಣದು, ಹಳತಾದಂತೆ ಇನ್ನೂ ಕುಗ್ಗುತ್ತದೆ. ಹೊಸದು ಹಾಕಿದ ಮೇಲೂ ರಿಸ್ಟಾರ್ಟ್ ಆದರೆ ಆಗ ಯುಪಿಎಸ್ ನೋಡಿ. ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಆ್ಯಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಇರುತ್ತದೆ, ಚೌಕ ಅಲೆಯ ಯುಪಿಎಸ್ ಮೇಲೆ ಕೆಲವು ಮುನಿಸಿಕೊಳ್ಳುತ್ತವೆ. 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಮಾನಿಟರ್ ಸೇರಿಸಿ ರೆಕಾರ್ಡಿಂಗ್‌ಗೆ ಸಾಕು. ಮನೆಯ ಇನ್ವರ್ಟರ್ ಮೇಲೆ ಓಡಿಸುವುದಾದರೆ ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಬೇಕು.

ಧಾರವಾಡ, ಸೌಂಡ್ ರೆಕಾರ್ಡಿಂಗ್

ರೊಕ್ಕ ಹಾಕೂಕಿಂತ ಮೊದಲ ಸಪ್ಪಳ ಯಾವುದರದು ಅಂತ ಖಾತ್ರಿ ಮಾಡ್ಕೋರಿ. ದಪ್ಪನ್ ಕಾಗದ ಸುರುಳಿ ಸುತ್ತಿ ಒಂದು ತುದಿ ಕಿವಿಗೆ ಹಿಡಕೊಂಡು, ಇನ್ನೊಂದು ತುದಿ ಎಸ್‌ಎಂಪಿಎಸ್, ಪ್ರೊಸೆಸರ್ ಫ್ಯಾನ್, ಕಾರ್ಡ್, ಹಾರ್ಡ್‌ಡಿಸ್ಕ್ ಹತ್ರ ಒಂದೊಂದಾಗಿ ಒಯ್ರಿ. ಎರಡು ಹಾರ್ಡ್‌ಡಿಸ್ಕ್ ಅವ ಅಂದ್ರ ಅವುಗಳ ಗುಂಯ್ ಅನ್ನೋದು ಕ್ಯಾಬಿನೆಟ್ ತಗಡಿನ ಮೂಲಕ ಬರೋದು ಭಾಳ ಮಂದಿಗೆ ಗೊತ್ತಾಗೂದಿಲ್ಲ. ರಬ್ಬರ್ ವಾಷರ್ ಹಾಕಿ ಸ್ಕ್ರೂ ಮಾಡಿದ್ರ ಅರ್ಧಾ ಹೋಗ್ತದ.

ಚೀಂ ಅನ್ನೋ ಸಣ್ಣ ದನಿ ಗ್ರಾಫಿಕ್ಸ್ ಜೋರು ನಡದಾಗಷ್ಟ ಬಂದ್ರ ಅದು ಕಾಯಿಲ್ ನಡುಗೋ ದನಿ, ಫ್ಯಾನಿಂದಲ್ಲ. ರೆಕಾರ್ಡಿಂಗಿನ್ಯಾಗ ಭುಂ ಅಂತ ಒಂದ ಸ್ವರದಾಗ ತಂಬೂರಿ ಕೆಳಗ ಕುಂತಂಗ ಕೇಳ್ತಿದ್ರ ಅದು 50 ಹರ್ಟ್ಸ್ ಹಮ್ಮು. ಅದಕ್ಕ ಎಂಥಾ ತುಟ್ಟಿ ಎಸ್‌ಎಂಪಿಎಸ್ ಹಾಕಿದ್ರೂ ಉಪಯೋಗ ಇಲ್ಲ, ಅರ್ಥಿಂಗ್ ನೋಡ್ಬೇಕು. ಮೈಕ್ ಕಾರ್ಡಿಯಾಯ್ಡ್ (ಮುಂದಿನ ದನಿ ಹಿಡಿದು ಬೆನ್ನ ಹಿಂದಿಂದು ಬಿಡೋದು) ಇದ್ರ ಅದರ ಬೆನ್ನು ಕ್ಯಾಬಿನೆಟ್ ಕಡೆ ತಿರುಗಿಸಿ ಇಡ್ರಿ.

ಗದಗ, ವೈರಿಂಗ್ ಕೆಲಸ

ಅರ್ಥಿಂಗ್ ಮಾತು ಬಂತು ಅಂತ ಬರೀತೀನಿ. ಮಲ್ಟಿಮೀಟರ್ ಎಸಿ 750ಕ್ಕ ಇಟ್ಟು ಸಾಕೆಟ್‌ನ್ಯಾಗ ಮೂರು ಸಲ ನೋಡ್ರಿ. ಫೇಸ್‌ನಿಂದ ನ್ಯೂಟ್ರಲ್‌ಗೆ 230ರ ಆಸುಪಾಸು, ಫೇಸ್‌ನಿಂದ ಅರ್ಥ್‌ಗೆ ಹೆಚ್ಚೂಕಡಿಮಿ ಅಷ್ಟ, ನ್ಯೂಟ್ರಲ್‌ನಿಂದ ಅರ್ಥ್‌ಗೆ 3ಕ್ಕಿಂತ ಕಡಿಮಿ ಬರಬೇಕು. ಎರಡನೇದು 60, 100, 140 ಅಂತ ಹೊಯ್ದಾಡಿದ್ರ ಅರ್ಥ್ ಕಟ್ ಆಗೇತಿ. ಅಂಥಾ ಮನ್ಯಾಗ ಕ್ಯಾಬಿನೆಟ್ ಮುಟ್ಟಿದ್ರ ಜುಂ ಅಂತೈತಿ, ಯಾಕಂದ್ರ ಎಸ್‌ಎಂಪಿಎಸ್ ಒಳಗ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪ್ಯಾಸಿಟರ್ ಬಾಡಿಗೆ ಹಚ್ಚಿರ್ತಾರ. ಅರ್ಥ್ ಇಲ್ಲಂದ್ರ ಬಾಡಿ ಮ್ಯಾಲೆ ಅರ್ಧಾ ವೋಲ್ಟೇಜು, ಸುಮಾರು 115 ನಿಲ್ತೈತಿ. ಹೊಸಾ ಎಸ್‌ಎಂಪಿಎಸ್ ತುಟ್ಟಿದಿದ್ರೂ ಇದು ತಪ್ಪೂದಿಲ್ಲ.

ಸಾಕೆಟ್‌ನ್ಯಾಗ ಅರ್ಥ್ ಪಿನ್ನಿಗೆ ನ್ಯೂಟ್ರಲ್ ಕೂಡಿಸಿ ಕೊಡ್ತೀನಿ ಅಂತ ಯಾರರ ಬಂದ್ರ ಕೂಡಿಸಗೊಡಬ್ಯಾಡ್ರಿ. ಮುಂದ ಎಲ್ಲಾದ್ರೂ ನ್ಯೂಟ್ರಲ್ ಕಡದ್ರ ಕ್ಯಾಬಿನೆಟ್‌ಗೆ ನೇರ 230 ಬರ್ತೈತಿ, ಜೀವಕ್ಕ ಅಪಾಯ. ಅರ್ಥ್ ಗುಂಡಿಯಿಂದಲೇ ಪ್ರತ್ಯೇಕ ತಂತಿ ತರಸ್ರಿ. ಅರ್ಥ್ ಗುಂಡಿ ಬ್ಯಾಸಿಗ್ಯಾಗ ಒಣಗಿರ್ತೈತಿ, ನೀರು ಹಾಕ್ತಿರ್ರಿ.

ಪ್ರಶ್ನೆ ಕೇಳಿದವರು

ಭಾಳ ಉಪಕಾರ ಆತ್ರಿ. ಇನ್ನೊಂದು: ನನ್ನ ಕಡೆ ಬ್ಯಾರೆ ಕಂಪನಿ ಮಾಡ್ಯುಲರ್ (ಕೇಬಲ್ ಬಿಚ್ಚಿ ಹಚ್ಚೋ ಥರದ) ಎಸ್‌ಎಂಪಿಎಸ್‌ನ ಸಾಟಾ ಕೇಬಲ್ ಒಂದು ಐತಿ. ಎರಡನೇ ಹಾರ್ಡ್‌ಡಿಸ್ಕಿಗೆ ಅದನ್ನ ಹಚ್ಚಲೇನ್ರಿ?

ಹುಬ್ಬಳ್ಳಿ, ಕಂಪ್ಯೂಟರ್ ರಿಪೇರಿ

ಬ್ಯಾಡ, ಬ್ಯಾಡ. ಹಾರ್ಡ್‌ಡಿಸ್ಕ್ ಕಡೆ ತುದಿ ಎಲ್ಲಾರದೂ ಒಂದ, ಎಸ್‌ಎಂಪಿಎಸ್ ಕಡೆ ತುದಿಗೆ ಯಾವ ನಿಯಮಾನೂ ಇಲ್ಲ. ಪ್ಲಗ್ ಸರಿಯಾಗಿ ಕುಂದರ್ತೈತಿ, ಆದ್ರ 5 ವೋಲ್ಟ್ ಇರಬೇಕಾದ ಜಾಗಕ್ಕ 12 ಬರ್ತೈತಿ, ಡಿಸ್ಕ್ ಅಲ್ಲೇ ಸುಡ್ತೈತಿ. ರೆಕಾರ್ಡಿಂಗ್ ಎಲ್ಲಾ ಹೋಗ್ತಾವು. ಒಂದ ಕಂಪನಿ ಒಳಗೂ ಬದಲಿರ್ತಾವು: ಕೋರ್ಸೇರ್ ಟೈಪ್ 3 ಮತ್ತ ಟೈಪ್ 4ರ 24 ಪಿನ್ ಕೇಬಲ್ ಬ್ಯಾರೆ ಬ್ಯಾರೆ. ಹೊಸಾ ಡಬ್ಬಿಯೊಳಗ ಬಂದ ಕೇಬಲ್ ಅಷ್ಟ ಬಳಸ್ರಿ.

ಹಚ್ಚೋವಾಗ: ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡೀರಿ. ಹಳೇ ಎಸ್‌ಎಂಪಿಎಸ್ ಬಿಚ್ಚಿ ಒಳಗ ಕೈ ಹಾಕಬ್ಯಾಡ್ರಿ, ಕೆಪ್ಯಾಸಿಟರ್‌ನ್ಯಾಗ 300 ವೋಲ್ಟಿಗೂ ಮ್ಯಾಲೆ ನಿಂತಿರ್ತೈತಿ. ಪ್ರೊಸೆಸರ್‌ಗೆ ಹೋಗೋ 8 ಪಿನ್ 4+4 ಆಗಿ ಒಡೀತೈತಿ, ಗ್ರಾಫಿಕ್ಸ್ ಕಾರ್ಡಿಂದು 6+2 ಆಗಿ ಒಡೀತೈತಿ. ನೋಡಾಕ ಒಂದ ಥರ, ಆದ್ರ 12 ವೋಲ್ಟು, ಗ್ರೌಂಡು ಅದಲುಬದಲು. ಕೂಡವಲ್ದು ಅಂತ ಒತ್ತಿ ತುರುಕಿದ್ರ ಶಾರ್ಟ್ ಆಗ್ತೈತಿ. 24 ಪಿನ್ ಕ್ಲಿಪ್ ಟಕ್ ಅನ್ನೋ ತನಕ ಒತ್ತರಿ, ಅರ್ಧಾ ಕುಂತ್ರ ಪಿನ್ ಕಾದು ಕರಗ್ತೈತಿ. ಕ್ಯಾಬಿನೆಟ್ ತಳಕ್ಕ ಜಾಳಿ ಇದ್ರ ಫ್ಯಾನ್ ಕೆಳಮುಖ ಇಡ್ರಿ, ಇಲ್ಲಂದ್ರ ಮ್ಯಾಲ್ಮುಖ. ಎಸ್‌ಎಂಪಿಎಸ್ ಮ್ಯಾಲಿನ ಭಾಗಕ್ಕ ಕುಂದ್ರೋ ಹಳೇ ಕ್ಯಾಬಿನೆಟ್ ಆದ್ರ ಪ್ರೊಸೆಸರಿನ ಬಿಸಿ ಗಾಳಿ ಅದರೊಳಗ ಹೋಗ್ತೈತಿ, ಎಂಥಾ ಮಾದರಿ ಹಾಕಿದ್ರೂ ಫ್ಯಾನ್ ತಿರಗ್ತೈತಿ. ಉದ್ದಾನೂ ಅಳೀರಿ: 140 ಮಿಲಿಮೀಟರಿಂದು ಸಣ್ಣ ಕ್ಯಾಬಿನೆಟ್ಟಿಗೆ ಕೂಡ್ತೈತಿ, 160ರದು ಹಾರ್ಡ್‌ಡಿಸ್ಕ್ ಪಂಜರಕ್ಕ ಬಡೀತೈತಿ.

ಚಾಲೂ ಮಾಡಿ ಓಸಿಸಿಟಿ ಅನ್ನೋ ಪರೀಕ್ಷಾ ಸಾಫ್ಟ್‌ವೇರಿನೊಳಗ ಪವರ್ ಟೆಸ್ಟ್ ಅರ್ಧಾ ತಾಸು ಓಡಸ್ರಿ. ಓಡೋವಾಗ ಖಾಲಿ ಇರೋ ಮೋಲೆಕ್ಸ್ (ನಾಕು ಪಿನ್ನಿನ) ಪ್ಲಗ್‌ನ್ಯಾಗ ಮೀಟರ್ ಹಿಡೀರಿ. ಹಳದಿ ತಂತಿ ಜಾಗದಾಗ 11.40ರಿಂದ 12.60, ಕೆಂಪಿಂದ್ರಾಗ 4.75ರಿಂದ 5.25ರ ಒಳಗ ಇರಬೇಕು. ಕೇಬಲ್ ಪೂರಾ ಕರೀದಿದ್ರ ಮೋಲೆಕ್ಸಿನ ಎರಡು ಕೊನೀ ಪಿನ್ನು 12 ಮತ್ತ 5, ನಡುವಿನೆರಡೂ ಗ್ರೌಂಡ್. ಸಾಫ್ಟ್‌ವೇರ್ ತೋರಿಸೋ ವೋಲ್ಟೇಜ್ ನಂಬಬ್ಯಾಡ್ರಿ, ಬೋರ್ಡಿನ ಸೆನ್ಸರ್ ಭಾಳ ಸಲ ತಪ್ಪು ಹೇಳ್ತೈತಿ. ಲೋಡ್ ಹಾಕಿದಾಗ 12 ವೋಲ್ಟು 11.4ರ ಕೆಳಗ ಇಳದ್ರ ಬಿಲ್ ಸಮೇತ ಅವತ್ತ ಅಂಗಡಿಗೆ ಒಯ್ದು ಬದಲಿಸ್ಕೊಂಡು ಬರ್ರಿ.